ಬಿಎ ಸೈಕಾಲಜಿ ಸೇರೋ ಮುಂಚೆ

ಪಿಯುಸಿ ಮುಗಿಸಿ ಸೈಕಾಲಜಿ ಓದ್ತೀನಿ ಅಂತಿರೋ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಒಂದು ಮಾತು. ಸಾಮಾನ್ಯ ಬಿಎ ಮುಗಿದ ಕೂಡಲೇ ಕ್ಲಿನಿಕಲ್ ಸೈಕಾಲಜಿಸ್ಟ್ (ಮಾನಸಿಕ ತೊಂದರೆ ಇರೋರನ್ನ ಪರೀಕ್ಷಿಸಿ, ಮಾತ್ರೆ ಇಲ್ಲದೆ ಚಿಕಿತ್ಸೆ ಕೊಡೋರು) ಅಂತ ಬೋರ್ಡ್ ಹಾಕೋ ಹಾಗಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು, ಅಂದ್ರೆ ಆರ್‌ಸಿಐ, ಮಾನ್ಯ ಮಾಡಿದ ಕೋರ್ಸ್ ಓದಿ ಅಲ್ಲಿ ನೋಂದಣಿ ಆಗಬೇಕು. ಮಾತ್ರೆ ಬರೆದುಕೊಡೋ ಆಸೆ ಇದ್ರೆ ದಾರಿಯೇ ಬೇರೆ: ಎಂಬಿಬಿಎಸ್, ಆಮೇಲೆ ಎಂಡಿ ಸೈಕಿಯಾಟ್ರಿ.

ಲೆಕ್ಕಕ್ಕೆ ಹೆದರಿ ಆರ್ಟ್ಸ್‌ಗೆ ಬಂದವರಿಗೂ ಇಲ್ಲಿ ಬಿಡುಗಡೆ ಇಲ್ಲ. ಸರಾಸರಿ, ಮಾನಕ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನೋದು), ಸಹಸಂಬಂಧ (ಎರಡು ಸಂಗತಿ ಎಷ್ಟು ಜೊತೆಜೊತೆಯಾಗಿ ಬದಲಾಗುತ್ತೆ ಅನ್ನೋದು) ಎಲ್ಲಾ ಬರುತ್ತೆ. ಮೊದಲ ಸೆಮಿಸ್ಟರ್‌ನಿಂದಲೇ ಕೈ ಪಳಗಿಸಿಕೊಳ್ಳಿ.

ಕಾಲೇಜು ನೋಡೋಕೆ ಹೋದಾಗ ಕಟ್ಟಡ ನೋಡಬೇಡಿ, ಸೈಕಾಲಜಿ ಲ್ಯಾಬ್ ತೋರಿಸಿ ಅಂತ ಕೇಳಿ. ಬೀಗದ ಕೈ ಹುಡುಕೋಕೆ ಶುರು ಮಾಡಿದ್ರೆ ಅರ್ಥ ಮಾಡ್ಕೊಳ್ಳಿ!