ಬೆಳಿಗ್ಗೆ ತೋಟ, ಮಧ್ಯಾಹ್ನ ಮನೆ, ಸಂಜೆ ಕಡಲು: ಘಟ್ಟದ ಮೇಲಿನವರಿಗೆ ಕರಾವಳಿ ಪ್ರವಾಸದ ಕ್ರಮ

ಚಿಕ್ಕಮಗಳೂರಿನಿಂದಲೋ ಹಾಸನದಿಂದಲೋ ಘಟ್ಟ ಇಳಿದು ಹೋಗುವವರಲ್ಲಿ ಹೆಚ್ಚಿನವರು ನೇರವಾಗಿ ಮಲ್ಪೆಯ ಮರಳಿಗೆ ಹೋಗಿ, ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಂತು ದಣಿಯುತ್ತಾರೆ. ಮಲೆನಾಡಿನ ತಂಪಿಗೆ ಒಗ್ಗಿದ ಮೈಗೆ ಕರಾವಳಿಯ ಸೆಕೆ ಬೇಗ ಹತ್ತುತ್ತದೆ. ಆದ್ದರಿಂದ ದಿನವನ್ನು ಬಿಸಿಲಿಗೆ ತಕ್ಕಂತೆ ಹಂಚಿಕೊಂಡು, ಬೆಳಿಗ್ಗೆ ತೋಟಗಳನ್ನೂ ಮಧ್ಯಾಹ್ನ ಹಳೆಯ ಮನೆಗಳನ್ನೂ ಇಳಿಹೊತ್ತಿನಲ್ಲಿ ಕಡಲನ್ನೂ ನೋಡುವುದು ಒಳ್ಳೆಯದು. ಈ ಕ್ರಮದಲ್ಲಿ ಹೋದರೆ ಮೂರು ದಿನಗಳಲ್ಲಿ ಅವಸರವಿಲ್ಲದೆ ಬಹಳಷ್ಟನ್ನು ನೋಡಬಹುದು.

ಅಕ್ಟೋಬರ್‌ನಿಂದ ಫೆಬ್ರವರಿಯವರೆಗಿನ ಕಾಲ ಇದಕ್ಕೆ ಯೋಗ್ಯ. ಮಳೆಗಾಲದಲ್ಲಿ ಚಾರ್ಮಾಡಿ ಮತ್ತು ಶಿರಾಡಿ ಎರಡರಲ್ಲಿಯೂ ಗುಡ್ಡ ಕುಸಿದು ಸಂಚಾರ ನಿಲ್ಲುವ ಸಂಭವವಿರುತ್ತದೆ, ಕಡಲಿಗೆ ಇಳಿಯುವುದೂ ಆಗ ಸಾಧ್ಯವಿಲ್ಲ. ಹಾಸನದವರು ಹಗಲಿನ ರೈಲು ಇರುವ ದಿನವನ್ನು ನೋಡಿಕೊಂಡು ಹೊರಟರೆ, ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರ್ ಘಟ್ಟದ ಹಾದಿಯನ್ನೂ ಅದರ 57 ಸುರಂಗಗಳನ್ನೂ ಕಾಣಬಹುದು. ಚಿಕ್ಕಮಗಳೂರಿನವರಿಗೆ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆಯ ದಾರಿ ಹತ್ತಿರ. ಗುರುವಾಯನಕೆರೆಯಲ್ಲಿ ಹೆದ್ದಾರಿ ಬಿಟ್ಟು ವೇಣೂರು, ಮೂಡುಬಿದಿರೆ, ಕಾರ್ಕಳದ ಮೂಲಕ ಉಡುಪಿಗೆ ಹೋಗುವ ದಾರಿಯನ್ನೇ ನಾನು ಶಿಫಾರಸು ಮಾಡುತ್ತೇನೆ. ಶ್ರವಣಬೆಳಗೊಳದ ಗೊಮ್ಮಟನನ್ನು ಕಂಡವರಿಗೆ ವೇಣೂರಿನ 1604ರ ಮೂರ್ತಿಯೂ ಕಾರ್ಕಳದ 1432ರ ಮೂರ್ತಿಯೂ ಈ ದಾರಿಯಲ್ಲಿಯೇ ಸಿಗುತ್ತವೆ.

ಮೂಡುಬಿದಿರೆಗೆ ಕನಿಷ್ಠ ಅರ್ಧ ದಿನ ಮೀಸಲಿಡಿ. 1430ರ ಸಾವಿರ ಕಂಬದ ಬಸದಿಯನ್ನು ನೋಡಿಕೊಂಡು, ಬಿಸಿಲೇರಿದ ಮೇಲೆ ಚೌಟರ ಅರಮನೆಗೆ ಹೋಗಬೇಕು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಇದೇ ಚೌಟ ಮನೆತನದವಳು. ಹೊರಗಿನಿಂದ ಇದು ಹೆಂಚಿನ ದೊಡ್ಡ ಮನೆಯಂತೆಯೇ ಕಾಣುತ್ತದೆ, ಅಮೃತಶಿಲೆಯ ವೈಭವವನ್ನು ನಿರೀಕ್ಷಿಸಿ ಬಂದವರಿಗೆ ನಿರಾಸೆಯಾಗಬಹುದು. ಆದರೆ ಒಳಗಿನ ಮರದ ಕಂಬಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಒಂಬತ್ತು ಸ್ತ್ರೀಯರ ದೇಹಗಳು ಹೆಣೆದುಕೊಂಡು ಆನೆಯಾಗಿರುವ ನವನಾರೀಕುಂಜರ, ಐವರು ಸ್ತ್ರೀಯರು ಸೇರಿ ಕುದುರೆಯಾಗಿರುವ ಪಂಚನಾರೀತುರಗ ಇಲ್ಲಿವೆ. ಬೇಲೂರು, ಹಳೇಬೀಡಿನ ಬಳಪದ ಕಲ್ಲಿನ ನವಿರು ಕೆತ್ತನೆಯನ್ನು ಕಂಡು ಬೆಳೆದ ನಮ್ಮ ಕಣ್ಣಿಗೆ, ಅದೇ ಸೂಕ್ಷ್ಮತೆ ಮರದಲ್ಲಿ ಮೂಡಿರುವುದನ್ನು ನೋಡುವುದು ದೊಡ್ಡ ಸಂತೋಷ. ಮನೆತನದವರು ಇಂದಿಗೂ ಇಲ್ಲಿ ವಾಸಿಸುತ್ತಿದ್ದಾರೆ. ಆದುದರಿಂದ ಅನುಮತಿ ಕೇಳಿ, ಪಾದರಕ್ಷೆ ಕಳಚಿ, ತೋರಿಸಿದ ಭಾಗವನ್ನಷ್ಟೇ ನೋಡಿ, ಕೇಳದೆ ಫೋಟೋ ತೆಗೆಯದೆ ಬರುವುದು ಮರ್ಯಾದೆ.

ಹಳೆಯ ಮನೆಗಳನ್ನು ಮಧ್ಯಾಹ್ನವೇ ನೋಡಬೇಕೆನ್ನಲು ನೆರಳಲ್ಲದೆ ಇನ್ನೊಂದು ಕಾರಣವೂ ಇದೆ. ಜಗಲಿಯ ಮೇಲೆ ತಗ್ಗಾಗಿ ಇಳಿದ ಸೂರು, ಮರದ ಮುಚ್ಚಿಗೆ, ದಪ್ಪ ಗೋಡೆ, ಗಾಳಿಯಾಡುವ ನಡು ಅಂಗಳ ಇವೆಲ್ಲ ಉರಿಬಿಸಿಲಿಗೂ ಜಡಿಮಳೆಗೂ ಉತ್ತರವಾಗಿ ಹುಟ್ಟಿದವು. ಸುಡುವ ಅಂಗಳದಿಂದ ಚಾವಡಿಯೊಳಗೆ ಕಾಲಿಟ್ಟಾಗ ಮಾತ್ರ ಕಟ್ಟಿದವರ ಜಾಣ್ಮೆ ಮೈಗೆ ತಿಳಿಯುತ್ತದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ ಇದನ್ನು ಕಲಿಯಲು ಅತ್ಯುತ್ತಮ ಸ್ಥಳ. ಕೆಡವುವ ಹಂತದಲ್ಲಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು, ಇಲ್ಲಿ ಮತ್ತೆ ಜೋಡಿಸಿ ಉಳಿಸಲಾಗಿದೆ. ಮಾರ್ಗದರ್ಶಕರ ಜೊತೆಯಲ್ಲಿಯೇ ನೋಡಬೇಕಾದ್ದರಿಂದ ದಿನ ಮತ್ತು ಸಮಯವನ್ನು ಮೊದಲೇ ವಿಚಾರಿಸಿಕೊಳ್ಳಿ. ಎಲ್ಲ ಕಡೆಯೂ ತಲೆಯೆತ್ತಿ ಹೆಂಚನ್ನು ಗಮನಿಸಿ: 1865ರಲ್ಲಿ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹೆಂಚೇ ನಮ್ಮ ಕಾಫಿ ತೋಟದ ಎಷ್ಟೋ ಹಳೆಯ ಮನೆಗಳನ್ನೂ ಹೊದ್ದಿದೆ.

ತೋಟಗಳ ವಿಷಯದಲ್ಲಿ ನನ್ನ ಮೊದಲ ಆಯ್ಕೆ ಉಡುಪಿ ಬಳಿಯ ಶಂಕರಪುರ. ಇಲ್ಲಿ ಮನೆಯಂಗಳವೇ ಮಲ್ಲಿಗೆ ತೋಟ. ಮೊಗ್ಗು ಬಿಡಿಸುವ ಕೆಲಸ ನಸುಕಿನಲ್ಲಿಯೇ ಆರಂಭವಾಗುವುದರಿಂದ, ಬೇಗ ಹೋದವರಿಗೆ ಮಾತ್ರ ಕೊಯ್ಲಿನಿಂದ ಕಟ್ಟುವವರೆಗಿನದೆಲ್ಲ ಕಾಣುತ್ತದೆ. ಹೂವನ್ನು ಮೊಳದ ಬದಲು ಚೆಂಡು ಮತ್ತು ಅಟ್ಟೆಯ ಲೆಕ್ಕದಲ್ಲಿ ಮಾರುತ್ತಾರೆ. 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇದು ಜನರ ದುಡಿಮೆಯ ಜಾಗ, ಬೆಳೆದವರ ಒಪ್ಪಿಗೆಯಿಲ್ಲದೆ ಗಿಡಗಳ ನಡುವೆ ನುಗ್ಗಬಾರದು. ಮಂಗಳೂರಿನ ಕಡೆ ಉಳಿಯುವವರು ಪಿಲಿಕುಳ ನಿಸರ್ಗಧಾಮಕ್ಕೆ ಹೋಗಬಹುದು. ಪಶ್ಚಿಮ ಘಟ್ಟದ ಮರಗಳನ್ನು ಬೆಳೆಸಿರುವ ಸಸ್ಯೋದ್ಯಾನವೂ ತುಳುನಾಡಿನ ಹಿರಿಯ ಮನೆತನಗಳ ಮಾದರಿಯ ಒಂದು ಗುತ್ತು ಮನೆಯೂ ಅಲ್ಲಿ ಒಂದೇ ಆವರಣದಲ್ಲಿವೆ.

ಕಡಲಿಗೆ ಸಂಜೆ ನಾಲ್ಕರ ನಂತರ ಹೋಗಿ. 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ಕಾಪು ದೀಪಸ್ತಂಭದ ತುದಿಯಿಂದ ತೆಂಗಿನ ಸಾಲೂ ತೀರದ ತಿರುವೂ ಒಟ್ಟಿಗೆ ಕಾಣುತ್ತವೆ. ಸ್ವರ್ಣಾ, ಸೀತಾ ನದಿಗಳು ಸಮುದ್ರ ಸೇರುವ ಕೋಡಿಬೆಂಗ್ರೆ ಇನ್ನೂ ಶಾಂತವಾದ ಜಾಗ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ.

ಸೇಂಟ್ ಮೇರಿಸ್ ದ್ವೀಪಕ್ಕೆ ಮಾತ್ರ ಈ ಕ್ರಮ ಸಲ್ಲದು. ಅಲ್ಲಿ ನೆರಳು ಕಡಿಮೆಯಾದ್ದರಿಂದ ಮಲ್ಪೆಯಿಂದ ಬೆಳಗಿನ ಮೊದಲ ದೋಣಿಯಲ್ಲಿಯೇ ಹೊರಡಿ, ಕುಡಿಯುವ ನೀರನ್ನು ಒಯ್ಯಿರಿ, ಬಾಟಲಿಯನ್ನು ಮರಳಿ ತನ್ನಿರಿ. ಅಲ್ಲಿನ ಬಹುಭುಜಾಕೃತಿಯ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಲಾವಾ ತಣಿದು ಸೀಳಿ ಆದವು. ಅವುಗಳ ಒದ್ದೆ ಅಂಚುಗಳು ಬಹಳ ಜಾರುತ್ತವೆ, ಫೋಟೋಗಾಗಿ ತುದಿಗೆ ಹೋಗಲೇಬೇಡಿ.

ಉಬ್ಬರ ಇಳಿತದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರ ಹೆಚ್ಚು. ಬಂಡೆಗಳ ಮೇಲೆ ನಡೆಯುವ ಮೊದಲು ಮೀನುಗಾರರನ್ನು ಕೇಳಿ. ಕೆರೆಯಲ್ಲಿ ಈಜಿ ಕಲಿತವರು ಕಡಲನ್ನು ಅದೇ ಧೈರ್ಯದಿಂದ ಎದುರಿಸಬಾರದು. ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಹೋರಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದ ಮೇಲೆಯೇ ದಡಕ್ಕೆ ತಿರುಗಬೇಕು. ಜೀವರಕ್ಷಕರಿಲ್ಲದ ತೀರದಲ್ಲಿ ಮೊಣಕಾಲಿನವರೆಗಿನ ನೀರೇ ಸಾಕು. ಕೊನೆಯ ದಿನ ಮಧ್ಯಾಹ್ನದ ಊಟ ಮುಗಿಸಿದೊಡನೆ ಹೊರಟರೆ, ಚಾರ್ಮಾಡಿಯ ತಿರುವುಗಳಲ್ಲಿ ಮಂಜು ಮುಸುಕುವ ಮೊದಲೇ ಕೊಟ್ಟಿಗೆಹಾರ ತಲುಪಬಹುದು.