ಮೂರು ಪೀಜೋ, ಒಂದು ಪುಟ್ಟ ಕನ್ನಡಿ: ನನ್ನ ಟಿಪ್-ಟಿಲ್ಟ್ ಅನುಭವ

ಏಪ್ರಿಲ್ ತಿಂಗಳ ಬೆಳಗಿನ ಜಾವ, ನಾಲ್ಕು ಗಂಟೆ ಇರಬೇಕು. ಕೋಲಾರದ ಹತ್ತಿರ ಸೋದರಮಾವನ ಹೊಲದಲ್ಲಿ 8 ಇಂಚಿನ ಟೆಲಿಸ್ಕೋಪ್ ನಿಲ್ಲಿಸಿದ್ದೆ. ಗಾಳಿಯ ಕಲಕಿನಿಂದ ನಕ್ಷತ್ರದ ಚಿತ್ರ ಅತ್ತಿತ್ತ ವಾಲುತ್ತದೆ. ಕ್ಯಾಮೆರಾ ಅದನ್ನು ನೋಡಿದ ತಕ್ಷಣ ಒಂದು ಪುಟ್ಟ ಕನ್ನಡಿಯನ್ನು ವಾಲಿಸಿ ತಿದ್ದುವುದೇ ಟಿಪ್-ಟಿಲ್ಟ್. ಕನ್ನಡಿ ವಾಲಿಸುವುದು ಪೀಜೋ, ಅಂದರೆ ವೋಲ್ಟೇಜ್ ಕೊಟ್ಟರೆ ತುಸುವೇ ಹಿಗ್ಗುವ ತುಣುಕು. ಈ ನೋಡು-ತಿದ್ದು ಸುತ್ತೇ ಲೂಪ್. ಅಭಿಜಿತ್ ನಕ್ಷತ್ರದ ಪಕ್ಕದ ಎಪ್ಸಿಲಾನ್ ಲೈರೇ ಮೇಲೆ ಅದನ್ನು ಆನ್ ಮಾಡಿದೆ. ಅದುವರೆಗೆ ಉದ್ದನೆಯ ಮುದ್ದೆಯಂತಿದ್ದ ಜೋಡಿ ನಕ್ಷತ್ರ ಎರಡಾಗಿ ಬಿಡಿಸಿಕೊಂಡಿತು, ಅದೂ 5 ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ! ಅಭಿಜಿತ್ ಮೇಲೆ ಅಳೆದಾಗ 2.6 ಆರ್ಕ್‌ಸೆಕೆಂಡ್ ಇದ್ದ ಚುಕ್ಕಿಯ ಅಗಲ (ಆರ್ಕ್‌ಸೆಕೆಂಡ್ ಅಂದರೆ ಡಿಗ್ರಿಯ 3600ನೇ ಒಂದು ಪಾಲು) 1.6ಕ್ಕೆ ಇಳಿದಿತ್ತು. ಮಾವನನ್ನು ಎಬ್ಬಿಸಿ ತೋರಿಸಿದೆ.

'ಡಿಫಾರ್ಮೆಬಲ್ ಮಿರರ್ ಇಲ್ಲದೆ ಅದೆಂಥ ಅಡಾಪ್ಟಿವ್ ಆಪ್ಟಿಕ್ಸ್?' ಅಂತ ಕೇಳಿದವರು ಒಬ್ಬಿಬ್ಬರಲ್ಲ. ಗಾಳಿ ಕೆಡಿಸಿದ ಬೆಳಕನ್ನು ಆಗಿಂದಾಗಲೇ ತಿದ್ದುವುದು ಅಡಾಪ್ಟಿವ್ ಆಪ್ಟಿಕ್ಸ್, ಅದಕ್ಕೆ ಮೈಯನ್ನೇ ಬಗ್ಗಿಸಬಲ್ಲ ಕನ್ನಡಿ ಡಿಫಾರ್ಮೆಬಲ್ ಮಿರರ್. 20 ಸೆಂ.ಮೀ. ದ್ವಾರಕ್ಕೆ, ಎರಡು-ಎರಡೂವರೆ ಆರ್ಕ್‌ಸೆಕೆಂಡ್ ಸೀಯಿಂಗ್‌ಗೆ (ಗಾಳಿಯಿಂದ ಚುಕ್ಕಿ ಹರಡುವ ಅಗಲ), ಡಿ ಬೈ ಆರ್-ನಾಟ್, ಅಂದರೆ ಗಾಳಿ ಕೆಡಿಸದೆ ಬಿಡುವ ತುಂಡಿನ ಅಗಲಕ್ಕಿಂತ ದ್ವಾರ ಎಷ್ಟು ಪಟ್ಟು ದೊಡ್ಡದು ಅನ್ನುವುದು, ನಾಲ್ಕೈದು ಬರುತ್ತದೆ. ವೇವ್‌ಫ್ರಂಟ್ (ಬೆಳಕಿನ ಅಲೆಯ ಮುಖ) ಏರುಪೇರಿನಲ್ಲಿ ಸುಮಾರು 87 ಶೇಕಡಾ ಬರೀ ವಾಲಾಟ. ಅದನ್ನು ಮೊದಲು ತೆಗೆಯೋಣ, ಉಳಿದ 13ಕ್ಕೆ ಈಗಲೇ ಲಕ್ಷಗಟ್ಟಲೆ ಯಾಕೆ ಸುರಿಯಬೇಕು ಅನ್ನುವುದು ನನ್ನ ವಾದವಾಗಿತ್ತು. ಈಗ ಚಿತ್ರ ಕೈಯಲ್ಲಿದೆ.

ಟೆಲಿಸ್ಕೋಪ್ ಬಿಟ್ಟು ಖರ್ಚು 90 ಸಾವಿರದ ಆಸುಪಾಸು. ಅದರಲ್ಲಿ 28 ಸಾವಿರ ನೀರಿಗೆ ಹೋಯಿತು. ಒಂದಕ್ಕೆ 7 ಸಾವಿರದಂತೆ ನಾಲ್ಕು ಪೀಜೋ ಸತ್ತವು. ಅವುಗಳಲ್ಲಿ ಎರಡು, ವೋಲ್ಟೇಜ್ ತಿರುಗುಮುರುಗಾಗಿ ಹೋದವು. ಇನ್ನೆರಡು ಬಿರುಕು ಬಿಟ್ಟವು. ಪೀಜೋ ಒತ್ತಡ ತಡೆಯುತ್ತದೆ, ಎಳೆತ ತಡೆಯುವುದಿಲ್ಲ. ಗೊತ್ತಿದ್ದೂ ಪ್ರೀಲೋಡ್ (ಮೊದಲೇ ಒತ್ತಿ ಹಿಡಿಯುವ ಬಲ) ಇಲ್ಲದೆ ಕನ್ನಡಿಯನ್ನು ನೇರ ಅಂಟಿಸಿದ್ದೆ. ಈಗ ಸ್ಪ್ರಿಂಗ್ ಇದೆ. ಅದು ಯಾವುದು, ಕನ್ನಡಿಗೆ ಯಾವ ಅಂಟು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕಾಗಿ ಒಂದು ಇಡೀ ಬೇಸಿಗೆ ಕೊಟ್ಟಿದ್ದೇನೆ.

ಹಣಕ್ಕಿಂತ ಜಾಸ್ತಿ ನೋವು ಕೊಟ್ಟಿದ್ದು ಕನ್ನಡಿಯ ತೂಕ. ಮೊದಲ ಕನ್ನಡಿ 50 ಮಿ.ಮೀ. ಅಗಲ, 8 ಮಿ.ಮೀ. ದಪ್ಪ. ಗೇನ್ (ಲೂಪ್ ತಿದ್ದುವ ಬಿರುಸು) ಸ್ವಲ್ಪ ಏರಿಸಿದರೆ ಸಾಕು, 90 ಹರ್ಟ್ಜ್ ಹತ್ತಿರ ಗುಂಯ್ ಎಂದು ಹಾಡತೊಡಗುತ್ತಿತ್ತು. ಸಾಫ್ಟ್‌ವೇರ್ ಫಿಲ್ಟರ್ ಹಾಕಿ ಅದನ್ನು ಸುಮ್ಮನಿರಿಸಲು ಮೂರು ತಿಂಗಳು ಒದ್ದಾಡಿದೆ. ಕೊನೆಗೆ 25 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ್ದು ಹಾಕಿದೆ. ರೆಸೊನೆನ್ಸ್ (ತಾನಾಗಿ ಹಾಡುವ ಆವರ್ತನ) 600 ಹರ್ಟ್ಜ್ ದಾಟಿತು, ಫಿಲ್ಟರ್ ಕಿತ್ತು ಹಾಕಿದೆ. ಫೋಕಸ್‌ಗೆ 15 ಸೆಂ.ಮೀ. ಮುಂಚೆ ಇಟ್ಟರೆ ಎಫ್/10 ಕಿರಣಕ್ಕೆ (ಪ್ರತಿ 10 ಸೆಂ.ಮೀ.ಗೆ 1 ಸೆಂ.ಮೀ. ಕಿರಿದಾಗುವಂಥದ್ದು) ಅಷ್ಟು ಅಗಲ ಧಾರಾಳ. ಆಕಾಶದ ಲೆಕ್ಕದಲ್ಲಿ ಹತ್ತು-ಹನ್ನೆರಡು ಆರ್ಕ್‌ಸೆಕೆಂಡ್ ಓಡಾಟ ಸಿಗುತ್ತದೆ. ಪೀಜೋ ಹಿಸ್ಟರೆಸಿಸ್‌ಗೆ (ಅದೇ ವೋಲ್ಟೇಜ್‌ಗೆ ಏರುವಾಗ ಒಂದು, ಇಳಿಯುವಾಗ ಇನ್ನೊಂದು ಉದ್ದ) ಸ್ಟ್ರೇನ್ ಗೇಜ್ ಎಂಬ ಹಿಗ್ಗು ಅಳೆಯುವ ಸೆನ್ಸರ್ ಬೇಕು ಅಂದರು. ನಾನು ಹಾಕಲಿಲ್ಲ. ಲೂಪ್ ಓಡತೊಡಗಿದ ಮೇಲೆ ಆ 10-15 ಶೇಕಡಾ ತಪ್ಪನ್ನು ಲೂಪೇ ತಿನ್ನುತ್ತದೆ ಅಲ್ವಾ?

ಕ್ಯಾಮೆರಾ 32×32 ಪಿಕ್ಸೆಲ್ ಕಿಟಕಿಯಲ್ಲಿ ಸೆಕೆಂಡಿಗೆ 400 ಫ್ರೇಮ್ ಕೊಡುತ್ತಿತ್ತು. ಆದರೂ ಲೂಪ್ ಸೋಮಾರಿ. ಡ್ರೈವರ್ ಒಳಗಿನ ಬಫರ್‌ನಲ್ಲಿ ನಾಲ್ಕು ಫ್ರೇಮ್ ಸಾಲಾಗಿ ಕಾಯುತ್ತಿದ್ದವು. ಬಫರ್ ಒಂದಕ್ಕೆ ಇಳಿಸಿದೆ, ತೆರೆಯ ಮೇಲೆ ಚಿತ್ರ ತೋರಿಸುವುದನ್ನೂ ನಿಲ್ಲಿಸಿದೆ. ತಡ 5 ಮಿಲಿಸೆಕೆಂಡಿಗೆ ಬಂತು.

ಲ್ಯಾಬ್‌ನಲ್ಲಿ ಗಾಳಿಯ ಕಲಕು ಬೇಕಿದ್ದಾಗ ಮನೆಯ ದೋಸೆ ಕಾವಲಿಯನ್ನು ಎಲೆಕ್ಟ್ರಿಕ್ ಒಲೆ ಮೇಲಿಟ್ಟು, ಅದರ ಮೇಲಿಂದ ಲೇಸರ್ ಹಾಯಿಸಿದೆ. ಪಕ್ಕದಲ್ಲಿ ಒಂದು ಟೇಬಲ್ ಫ್ಯಾನ್. ಕಾವಲಿ ಬಿಸಿ ಮಾಡಿದಷ್ಟೂ ಚುಕ್ಕಿ ಕುಣಿಯುತ್ತದೆ, ಫ್ಯಾನ್ ವೇಗ ಹೆಚ್ಚಿಸಿದರೆ ಕುಣಿತ ಚುರುಕಾಗುತ್ತದೆ. ಗೇನ್ ಹೊಂದಿಸಲು ಇದಕ್ಕಿಂತ ಒಳ್ಳೆಯ ಉಪಕರಣ ನನಗೆ ಸಿಕ್ಕಿಲ್ಲ. ಆದರೆ ಬೆಂಗಳೂರಿನ ತಾರಸಿ ಮೇಲೆ ಏನೂ ನಡೆಯಲಿಲ್ಲ. ಆರ್‌ಸಿಸಿ ಮಧ್ಯರಾತ್ರಿವರೆಗೂ ಬಿಸಿ ಉಗುಳುತ್ತದೆ, ಚುಕ್ಕಿ ವಾಲುವುದಷ್ಟೇ ಅಲ್ಲ, ಒಡೆದು ಚೂರಾಗುತ್ತದೆ. ಅದಕ್ಕೇ ಹೊಲಕ್ಕೆ ಹೋಗಿದ್ದು.

ಎಪ್ಸಿಲಾನ್ ಲೈರೇ ಆರಿಸಲು ಇನ್ನೊಂದು ಕಾರಣ ಇತ್ತು. ಅಲ್ಲಿ ಎರಡು ಜೋಡಿಗಳಿವೆ, ನಡುವೆ ಸುಮಾರು 208 ಆರ್ಕ್‌ಸೆಕೆಂಡ್. ಒಂದು ಜೋಡಿಯ ಮೇಲೆ ಲಾಕ್ ಮಾಡಿ ಇನ್ನೊಂದನ್ನು ಗಮನಿಸಿದೆ. ಅದರ ಸುಧಾರಣೆ ಅರ್ಧದಷ್ಟೂ ಇರಲಿಲ್ಲ. ಐದು ಕಿ.ಮೀ. ಎತ್ತರದಲ್ಲಿ ಆ ಎರಡು ಬೆಳಕಿನ ದಾರಿಗಳ ನಡುವೆ ಐದು ಮೀಟರ್ ಅಂತರ. ಮೇಲಿನ ಗಾಳಿ ಇಬ್ಬರಿಗೂ ಬೇರೆ ಬೇರೆ. ಹಾಗಾದರೆ ಉಳಿದ ಆ ಸುಧಾರಣೆ ನೆಲದ ಹತ್ತಿರದ ಗಾಳಿಯದ್ದೋ ಅಥವಾ ನನ್ನ ಮೌಂಟ್ (ಟೆಲಿಸ್ಕೋಪ್ ಹೊತ್ತ ಸ್ಟ್ಯಾಂಡ್) ಅಲುಗಾಟದ್ದೋ? ಮೌಂಟ್ ಮೇಲೆ ಅಲುಗಾಟ ಅಳೆಯುವ ಅಕ್ಸೆಲೆರೋಮೀಟರ್ ಅಂಟಿಸಿದ್ದೇನೆ. ಮಳೆ ಮುಗಿಯಲಿ, ಚಳಿಗಾಲದಲ್ಲಿ ಪುನರ್ವಸುವಿನ ಕ್ಯಾಸ್ಟರ್ ಮೇಲೆ ಅಳೆಯುತ್ತೇನೆ.