ಜೇಡದ ಕಣ್ಣಿಗೆ ಮೆತ್ತನೆ ಬೆಳಕು: ನಾನೇ ಮಾಡಿಕೊಂಡ ಡಿಫ್ಯೂಸರ್

ಬೆಂಗಳೂರಿನ ತುರಹಳ್ಳಿ ಕಾಡಿನಲ್ಲಿ ತೆಗೆದ ಮೊದಲ ಜಿಗಿಯುವ ಜೇಡದ ಫೋಟೋ ಇನ್ನೂ ಇಟ್ಟುಕೊಂಡಿದ್ದೇನೆ. ಫೋಕಸ್ ಚೆನ್ನಾಗಿದೆ. ಆದರೆ ಆ ದೊಡ್ಡ ಕಣ್ಣುಗಳಲ್ಲಿ ಸೂಜಿ ಚುಚ್ಚಿದ ಹಾಗೆ ಎರಡು ಬಿಳಿ ಚುಕ್ಕಿ. ಫ್ಲ್ಯಾಶಿನ ಮುಖ ಚಿಕ್ಕದು, ಬೆಳಕು ಒಂದೇ ಕಡೆಯಿಂದ ಬಂದು ಬಡಿಯುತ್ತದೆ. ಅದನ್ನೇ ಜೇಡದ ಹತ್ತಿರ ತಂದು ಅಗಲವಾಗಿ ಹರಡಿದರೆ ಮೆತ್ತಗಾಗುತ್ತದೆ. ಹಾಗೆ ಹರಡಿಸುವ ಸಾಧನವೇ ಡಿಫ್ಯೂಸರ್.

ಅವೆನ್ಯೂ ರಸ್ತೆಯಲ್ಲಿ ಒಂದು ಬಿಳಿ ಫೋಮ್ ಶೀಟ್, ಬಟರ್ ಪೇಪರ್, ಡಬಲ್ ಸೈಡ್ ಟೇಪ್ ತಂದೆ. 100 ರೂಪಾಯಿಯೂ ಆಗಲಿಲ್ಲ. ಶೀಟನ್ನು ಕಡಲೆಕಾಯಿ ಪೊಟ್ಟಣದ ಹಾಗೆ ಸುತ್ತಿ, ಸಣ್ಣ ಬಾಯಿಯನ್ನು ರಬ್ಬರ್ ಬ್ಯಾಂಡಿನಿಂದ ಫ್ಲ್ಯಾಶಿಗೆ ಕಟ್ಟಿದೆ. ಒಳಗೆ ಅಡುಗೆಮನೆಯ ಫಾಯಿಲ್, ದೊಡ್ಡ ಬಾಯಿಗೆ ಬಟರ್ ಪೇಪರ್. ಉದ್ದ ಒಂದು ಗೇಣು. ದೊಡ್ಡ ಬಾಯಿ ಲೆನ್ಸಿನ ತುದಿ ದಾಟಿರಬೇಕು, ಇಲ್ಲದಿದ್ದರೆ ಲೆನ್ಸಿನ ನೆರಳೇ ಹುಳದ ಮೇಲೆ ಬೀಳುತ್ತದೆ.

ಪರೀಕ್ಷೆಗೆ ಅಮ್ಮನ ಹೊಲಿಗೆ ಡಬ್ಬಿಯಿಂದ ಒಂದು ಕರಿಮಣಿ ತೆಗೆದುಕೊಂಡೆ. ಜೀರುಂಡೆಯ ಬೆನ್ನಿಗೂ ಅದಕ್ಕೂ ಹೊಳಪು ಒಂದೇ ಥರ, ಅಲ್ವಾ? ಫೋಟೋ ಹಿಗ್ಗಿಸಿದರೆ ಮಣಿಯಲ್ಲಿ ಬಟರ್ ಪೇಪರೇ ಕಾಣುತ್ತಿತ್ತು. ನಡುವೆ ಕಣ್ಣು ಕುಕ್ಕುವ ಬಿಳುಪು, ಅಂಚಿನಲ್ಲಿ ಮಂಕು. ಅಂದರೆ ಕಾಗದ ಇಷ್ಟಗಲ ಇದ್ದರೂ ಬೆಳಗುತ್ತಿದ್ದದ್ದು ನಡುಭಾಗ ಮಾತ್ರ.

ಒಳಗಡೆ, ಫ್ಲ್ಯಾಶಿನಿಂದ ನಾಲ್ಕು ಬೆರಳು ದೂರದಲ್ಲಿ, ಬಟರ್ ಪೇಪರಿನ ಇನ್ನೊಂದು ಚಿಕ್ಕ ತುಂಡನ್ನು ಅಡ್ಡಲಾಗಿ ಅಂಟಿಸಿದೆ. ಎರಡು ಪದರದ ನಡುವೆ ಜಾಗ ಇರಲೇಬೇಕು. ಸುಮ್ನೆ ಒಂದರ ಮೇಲೊಂದು ಅಂಟಿಸಿದರೆ ಬೆಳಕು ಕಮ್ಮಿಯಾಗುತ್ತದೆಯೇ ಹೊರತು ಅಷ್ಟಾಗಿ ಹರಡುವುದಿಲ್ಲ. ಮತ್ತೆ ಮಣಿ ನೋಡಿದೆ. ಬಟ್ಟಲಲ್ಲಿ ಹಾಲು ತುಂಬಿಟ್ಟ ಹಾಗೆ ಒಂದೇ ಸಮ ಬಿಳುಪು! ಆ ಖುಷಿಗೆ ಅವತ್ತು ಇಪ್ಪತ್ತು ಸಲ ಅದೇ ಮಣಿಯ ಫೋಟೋ ತೆಗೆದಿದ್ದೇನೆ.

ಒಂದು ಎಚ್ಚರಿಕೆ. ಫ್ಲ್ಯಾಶಿನ ಮುಖಕ್ಕೆ ತಾಗುವಂತೆ ಪ್ಲಾಸ್ಟಿಕ್ ಇಡಬೇಡಿ. ಒಮ್ಮೆ ಹಾಗೆ ಇಟ್ಟು ಫುಲ್ ಪವರಿನಲ್ಲಿ ಬಿಡದೆ ಹೊಡೆದಾಗ ಅದು ಕರಗಿ ಅಂಟಿಕೊಂಡಿತು.

ನಾನು ಶಟರ್ 1/200 ಸೆಕೆಂಡ್, ಅಪರ್ಚರ್ ಎಫ್/11, ಐಎಸ್‌ಒ 200, ಮ್ಯಾನುಯಲ್ ಫ್ಲ್ಯಾಶ್ ಫುಲ್ ಪವರಿನ 1/16ರಿಂದ ಶುರು ಮಾಡುತ್ತೇನೆ. ಪದರಗಳು ಬೆಳಕು ನುಂಗುವುದರಿಂದ ಕೆಲವು ಸಲ 1/8 ಬೇಕಾಗುತ್ತದೆ. ಪವರ್ ಕಮ್ಮಿ ಇದ್ದಷ್ಟೂ ಮಿಂಚು ಚುಟುಕು, ಎಲೆ ಅಲುಗಾಡಿದರೂ ಚಿತ್ರ ಕಲಸುವುದಿಲ್ಲ.

ಮುಂದಿನ ಭಾನುವಾರ ತುರಹಳ್ಳಿಯಲ್ಲೇ ಕೆಂಜಿಗ ಇರುವೆಯ ವೇಷದ ಜೇಡ ಸಿಕ್ಕಿತು. ಮನೆಗೆ ಬಂದು ಹಿಗ್ಗಿಸಿ ನೋಡಿದೆ. ಚುಕ್ಕಿಯ ಜಾಗದಲ್ಲಿ ಅಗಲವಾದ ಮೆತ್ತನೆ ಹೊಳಪು. ಅದರ ಅಂಚಿನಲ್ಲಿ ನಾನು ಒಳಗಡೆ ಅಂಟಿಸಿದ್ದ ಟೇಪಿನ ಗೆರೆಯೂ ಇತ್ತು. ಈಗ ಟೇಪನ್ನು ಹೊರಗಡೆಯಿಂದ ಅಂಟಿಸುತ್ತೇನೆ.